ನಲವತ್ತಮೂರು ಬಂಗುಡೆಗಳು

ಕುಸುಮ ಕುಂದಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದಳು. ಗಂಡನ ಮನೆ ತಲ್ಲೂರು, ತವರು ಕೋಡಿ. ತಾಯಿ ಅಮ್ಮಣ್ಣಿ ಮೀನು ಮಾರಿಯೇ ಅವಳನ್ನು ಎಂಎಸ್ಸಿ ತನಕ ಓದಿಸಿದವಳು. 2003ರಲ್ಲಿ ಕುಸುಮ ಪಿಎಚ್‌ಡಿಗೆ ಸೇರಿದಳು. ಹತ್ತಾರು ಅಳತೆಗಳನ್ನು ಒಂದೆರಡು ಮುಖ್ಯ ಅಕ್ಷಗಳಿಗೆ ಇಳಿಸಿ ನೋಡುವ ವಿಧಾನಗಳು ಅವಳ ವಿಷಯ. ಅಳೆಯಲು ಸುಲಭವಾಗಿ ಸಿಕ್ಕಿದ್ದು ಬಂಗುಡೆ ಮೀನು.

ಪ್ರತಿ ಭಾನುವಾರ ಕುಸುಮ ತವರಿಗೆ ಬರುತ್ತಿದ್ದಳು. ಮಾರ್ಕೆಟ್ ಮುಗಿಸಿ ಬರುವಾಗ ಅಮ್ಮಣ್ಣಿ ಹತ್ತು ಹನ್ನೆರಡು ಬಂಗುಡೆ ಉಳಿಸಿ ತರುತ್ತಿದ್ದಳು. ಜಾರುವ ಮೀನನ್ನು ಹಿಡಿಯುವುದಕ್ಕೆ ಮಗಳಿಗಿಂತ ಅವಳ ಕೈ ಪಳಗಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಳತೆಯ ಕ್ಯಾಲಿಪರ್ ಮೇಲಿನ ಕೂದಲೆಳೆಯಂಥ ಗೀಟುಗಳನ್ನು ಓದಲು ಎರಡೇ ವಾರದಲ್ಲಿ ಕಲಿತಳು. ಅವಳು ಹೇಳುವುದು, ಕುಸುಮ ಬರೆಯುವುದು. ಒಂದು ಮೀನಿಗೆ ಹದಿನೆಂಟು ಅಳತೆ.

"ಇಷ್ಟೆಲ್ಲ ಅಳತಿ ಎಂತಕೆ ಹೆಣೆ?"

"ಹದಿನೆಂಟನ್ನ ಎರಡಕ್ಕೆ ಇಳ್ಸುಕೆ ಅಮ್ಮ."

"ಎರಡೇ ಸಾಕಾರೆ ಎರಡೇ ಅಳಿ!"

ಕುಸುಮ ನಕ್ಕು, ಒಂದು ಬಂಗುಡೆಯನ್ನು ಮೂತಿ ಎದುರಾಗುವಂತೆ ಹಿಡಿದಳು. "ಹೀಂಗ್ ಕಂಡ್ರೆ ಎಂತ ಕಾಂತ್?"

"ಗುಂಡ್ ಮೂತಿ."

ಅಡ್ಡ ತಿರುಗಿಸಿದಳು. "ಈಗ?"

"ಇಡೀ ಮೀನೇ ಕಾಂತ್."

"ಅದೇ. ಹದಿನೆಂಟೂ ಒಟ್ಟ್ ಹಾಕಿ, ಯಾವ್ ಬದಿಯಿಂದ ಕಂಡ್ರೆ ಮೀನಿಂದ ಮೀನಿಗೆ ಇಪ್ಪ ವ್ಯತ್ಯಾಸ ಹೆಚ್ಚ್ ಕಾಂತೋ, ಆ ಬದಿ ಹುಡ್ಕುದ್."

ಮರುವರ್ಷದ ಫೆಬ್ರವರಿ ಮುಗಿಯುವಾಗ ಇನ್ನೂರ ಎಂಬತ್ತು ಮೀನುಗಳಾದವು. ಕಾಲೇಜಿನ ಕಂಪ್ಯೂಟರಿನಲ್ಲಿ ಒಂದೊಂದು ಮೀನೂ ಒಂದೊಂದು ಚುಕ್ಕೆಯಾಗಿ ಮೂಡಿತು. ಮೊದಲ ಅಕ್ಷ ಬರೀ ಗಾತ್ರದ್ದು. ದೊಡ್ಡವು ಒಂದು ಕಡೆ, ಚಿಕ್ಕವು ಇನ್ನೊಂದು ಕಡೆ. ಎರಡನೆಯ ಅಕ್ಷದಲ್ಲಿ ಮಾತ್ರ ನಲವತ್ತಮೂರು ಚುಕ್ಕೆಗಳು ಬೇರೆಯೇ ಗುಂಪಾಗಿ ನಿಂತಿದ್ದವು. ಮಂಗಳೂರಿನಲ್ಲಿದ್ದ ಅವಳ ಗೈಡ್ ಫೋನಿನಲ್ಲೇ ಉಬ್ಬಿಹೋದರು. "ಇದು ಬೇರೆ ಕುಲದ ಬಂಗುಡೆಯೇ ಇರಬೇಕು. ಕೂಡಲೇ ಲೇಖನ ಬರೆಯಿರಿ."

ಕುಸುಮ ಬರೆಯಲು ಕುಳಿತಳು. ಆ ಮೀನುಗಳು ಸಿಕ್ಕ ತಾರೀಕುಗಳಿಗಾಗಿ ನೋಟ್‌ಬುಕ್ ತೆರೆದಳು. ನಲವತ್ತಮೂರೂ ಕೊನೆಯ ನಾಲ್ಕು ಭಾನುವಾರಗಳವು. ಕಣ್ಣಿನ ಅಗಲ, ರೆಕ್ಕೆಯ ಬುಡ ಮುಂತಾದ ಸಣ್ಣ ಅಳತೆಗಳೆಲ್ಲ ತುಸು ಹೆಚ್ಚು. ಕೊನೆಯ ಅಂಕಿ ಎಲ್ಲಕ್ಕೂ ಸೊನ್ನೆ, ಇಲ್ಲವೇ ಐದು. ಅವಳು ಪೆನ್ನು ಕೆಳಗಿಟ್ಟಳು.

ಮರುದಿನ ಕಾಲೇಜು ಬಿಟ್ಟವಳೇ ಕೋಡಿಗೆ ಹೋಗಿ, ತಾಯಿಯ ಕೈಗೆ ಕ್ಯಾಲಿಪರ್ ಕೊಟ್ಟು, "ಇದೆಷ್ಟ್ ಇತ್ತ್, ಹೇಳ್ ಕಾಂಬ" ಎಂದಳು.

ಅಮ್ಮಣ್ಣಿ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ಮಡಿಲಲ್ಲಿಟ್ಟುಕೊಂಡಳು.

"ಗೀಟ್ ಕಾಂತಿಲ್ಲ ಮಗಾ. ಎಲ್ಲ ಮಂಜ್ ಮಂಜ್. ಅಂದಾಜಿಗೆ ಹೇಳ್ತಿದ್ದೆ."

"ನಂಗ್ ಹೇಳುಕೆ ಎಂತ ಆಯಿತ್?"

"ಹೇಳಿರೆ ನೀ ಬೇರೆಯವ್ರನ್ನ ಕೂರ್ಸ್ತಿದ್ದೆ. ನಿನ್ನೊಟ್ಟಿಗೆ ಕೂಕಂಬುದ್ ಅದೊಂದ್ ದಿನ ಅಲ್ದಾ."

ಕುಸುಮ ಕ್ಯಾಲಿಪರ್ ತೆಗೆದು ಬದಿಗಿಟ್ಟಳು. ಮೀನಿನ ವಾಸನೆಯ ಆ ಎರಡು ಕೈಗಳನ್ನು ಹಿಡಿದುಕೊಂಡು ಜಗಲಿಯಲ್ಲೇ ಕುಳಿತುಬಿಟ್ಟಳು.

ಬೇರೆ ಕುಲವೂ ಇಲ್ಲ ಏನೂ ಇಲ್ಲ, ಅಳತೆಯೇ ತಪ್ಪಿದೆ ಎಂದು ಗೈಡಿಗೆ ತಿಳಿಸಿದಳು. ಅವರು "ಹಾಗಾದರೆ ಒಂದು ವರ್ಷ ಹೋಯಿತು" ಎಂದರು. ಹೋಗಲಿ ಅನ್ನಿಸಿತು ಅವಳಿಗೆ. ಅಮ್ಮಣ್ಣಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಏಪ್ರಿಲ್‌ನಲ್ಲಿ ಒಂದು, ಜೂನ್‌ನಲ್ಲಿ ಇನ್ನೊಂದು ಆಪರೇಷನ್ ಆಯಿತು. ಮೊದಲ ಪಟ್ಟಿ ಬಿಚ್ಚಿದಾಗ ಎದುರಿಗಿದ್ದ ಮಗಳನ್ನು ದಿಟ್ಟಿಸಿ ನೋಡಿ, "ನಿನ್ ತಲಿ ಇಷ್ಟ್ ಬೆಳ್ಳಗ್ ಆಯಿತಾ?" ಎಂದು ಗಾಬರಿಯಾದಳು. ನರ್ಸ್ ಸಮೇತ ಎಲ್ಲರೂ ನಕ್ಕರು.

ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ಹೊಸ ಮೀನುಗಳನ್ನು ಅಳೆದರು, ಅದೇ ಇಬ್ಬರು. ಈ ಸಲ ಚುಕ್ಕೆಗಳೆಲ್ಲ ಒಂದೇ ಗುಂಪು. ಕಣ್ಣು ಮಂಜಾದವರ ಅಳತೆ ಎರಡನೆಯ ಅಕ್ಷದಲ್ಲಿ ಹೇಗೆ ತೋರಿಬರುತ್ತದೆ ಎಂಬುದನ್ನೂ ಕುಸುಮ ಒಂದು ಅಧ್ಯಾಯವಾಗಿ ಬರೆದಳು, ತಾಯಿಯ ಒಪ್ಪಿಗೆ ಕೇಳಿಯೇ.

2006ರಲ್ಲಿ ಮಂಗಳೂರಿನಲ್ಲಿ ನಡೆದ ಮೌಖಿಕ ಪರೀಕ್ಷೆಗೆ ಅಮ್ಮಣ್ಣಿಯೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು. ಕುಸುಮ ಮೀನಿನ ಚುಕ್ಕೆಗಳ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ ವಿವರಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು, "ಎಂತಾರೂ ಗೊತ್ತಾಯ್ತಾ ಅಮ್ಮ?"

"ಇಂಗ್ಲಿಷ್ ಒಂದೂ ಗೊತ್ತಾಯ್ಲಿಲ್ಲ. ಗ್ವಾಡಿ ಮೇಲಿನ ಚುಕ್ಕಿ ಮಾತ್ರ ಒಂದೊಂದೂ ಕಂಡಿತ್" ಎಂದಳು ಅಮ್ಮಣ್ಣಿ.