ಎಕೋ ಕೋಣೆಗೆ ಜೊತೆಯವರು

ಆಸ್ಪತ್ರೆಯಲ್ಲಿ ಹೆಸರು, ವಯಸ್ಸು ಆದಮೇಲೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಜೊತೆಗೆ ಯಾರು ಬಂದಿದ್ದಾರೆ?’ ಓದುಗ ಮಿತ್ರರೇ, ನೀವು ಸಂಸಾರಸ್ಥರಾದರೆ ಈ ಪ್ರಶ್ನೆ ನಿಮ್ಮ ಕಿವಿಗೇ ಬಿದ್ದಿರಲಾರದು. ಜೊತೆಯವರೇ ಮೊದಲು ಉತ್ತರ ಕೊಟ್ಟಿರುತ್ತಾರೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಯಾರು, ಏನು, ಎಲ್ಲಿ, ಯಾವಾಗ ಎಂದು ಊರಿಗೆಲ್ಲ ಪ್ರಶ್ನೆ ಹಾಕುತ್ತಲೇ ನಿವೃತ್ತನಾದ, ಸುದ್ದಿಯ ಅವಸರದಲ್ಲಿ ಮದುವೆಯಾಗುವುದನ್ನೂ ಮರೆತ ನನಗೆ ಮಾತ್ರ ಆ ‘ಯಾರು’ ಎಂಬಲ್ಲಿಯೇ ತೊಡಕು.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಹೋದ ದಿನವೂ ಹಾಗೇ ಆಯಿತು. ಹಿಂದಿನ ಸಲ ಹೃದಯದ ಪಂಪಿಂಗ್ ಕಡಿಮೆಯಿದೆಯೆಂದು ಮಾತ್ರೆ ಕೊಟ್ಟಿದ್ದರು. ಈ ಸಲ ಅದು ಏರಿದ್ದರೆ ಮಾತ್ರೆಯಲ್ಲೇ ಮುಂದುವರಿಯಬಹುದು. ಏರದಿದ್ದರೆ, ಬಡಿತ ದಿಢೀರನೆ ತಪ್ಪಿದಾಗ ಕಾಯುವುದಕ್ಕೆ ಎದೆಯ ಚರ್ಮದಡಿ ಯಂತ್ರವೊಂದನ್ನು ಕೂರಿಸಬೇಕು. ಪಂಚಾಂಗವಿಲ್ಲದೆ ಭವಿಷ್ಯ ನುಡಿಯುವ ಪರೀಕ್ಷೆ ಅದು. ಆದರೆ ಆ ಭವಿಷ್ಯವನ್ನು ಹೃದಯದ ಮಾಲೀಕನಿಗೆ ಹೇಳುವ ವಾಡಿಕೆ ನಮ್ಮ ಕಡೆ ಕಡಿಮೆ. ಅವನನ್ನು ಹೊರಗೆ ಕೂರಿಸಿ ಜೊತೆಯವರ ಕಿವಿಗೆ ಹಾಕುತ್ತಾರೆ.

‘ಯಾರೂ ಇಲ್ಲ’ ಎಂದೆ.

‘ಹಾಗಾದ್ರೆ ರಿಸಲ್ಟ್ ಯಾರಿಗೆ ಹೇಳೋದು ಸಾರ್?’ ಎಂದು ನರ್ಸ್ ನಿಜವಾಗಿಯೂ ಚಿಂತೆಗೆ ಬಿದ್ದರು.

ಬೆಂಚಿನಲ್ಲಿ ನನ್ನ ಪಕ್ಕ ದುದ್ದದ ಜಯಮ್ಮ ಎಂಬವರು, ಗಂಡನ ಎಕೋ ಮುಗಿಸಿ ರಿಪೋರ್ಟಿಗೆ ಕಾಯುತ್ತಿದ್ದರು. ನಮ್ಮ ಪರಿಚಯಕ್ಕೆ ಒಂದು ಲೋಟ ಕಾಫಿ ಆರುವಷ್ಟು ವಯಸ್ಸೂ ಆಗಿರಲಿಲ್ಲ. ಅವರು ಎದ್ದುಬಿಟ್ಟರು: ‘ನಂಗೇಳವ್ವ. ನಾನು ಇವ್ರ ತಂಗಿ ಕಣವ್ವ.’

‘ಲೇ, ನಂಗೊತ್ತಿಲ್ದಂಗೆ ಈ ಭಾವ ಎಲ್ಲಿಂದ ಬಂದ್ನೇ?’ ಎಂದರು ಪಕ್ಕದಲ್ಲಿದ್ದ ಗಂಡ.

‘ನೀವು ಸುಮ್ಕೆ ಕುಂತ್ಕಳಿ.’

ಒಳಗೆ ಕತ್ತಲು. ಎಡಮಗ್ಗುಲಾಗಿ ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ, ವೈದ್ಯೆ ಎದೆಯ ಮೇಲೆ ಉಪಕರಣ ಆಡಿಸಿದರು. ಪರದೆಯ ಮೇಲೆ ನನ್ನ ಹೃದಯ ಬೂದುಬಣ್ಣದಲ್ಲಿ ಕಾಣಿಸಿಕೊಂಡಿತು. ಎಲ್ಲರೂ ಮನೆಗೆ ಹೋದಮೇಲೂ ಕಚೇರಿಯಲ್ಲಿ ಕೂತು ಯಾರಿಗೂ ಬೇಡದ ಪ್ರೂಫ್ ತಿದ್ದುವ ನೌಕರನಂತೆ, ನಿಧಾನವಾಗಿ, ತನ್ನ ಪಾಡಿಗೆ ತಾನು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾವಿಬ್ಬರು ಮುಖಾಮುಖಿಯಾಗಿ ಕೂತದ್ದೇ ಕಡಿಮೆ ಅನ್ನಿಸಿತು.

ನನ್ನನ್ನು ಹೊರಗೆ ಕಳಿಸಿ ಜಯಮ್ಮನವರನ್ನು ಒಳಗೆ ಕರೆದರು. ‘ನಮ್ಮೋಳು ಒಳಕ್ಕೋದ್ಲಾ? ಮಾತಿಗೆ ಕುಂತ್ರೆ ಏಳಾಕಿಲ್ಲ. ಡಾಕ್ಟ್ರಮ್ಮ ಇನ್ನು ಬ್ಯಾರೆ ಪೇಸೆಂಟ್ ನೋಡ್ದಂಗೇ ಬುಡಿ’ ಎಂದು ಅವರ ಯಜಮಾನರು ನನ್ನತ್ತ ಎಲೆ ಅಡಿಕೆ ಚಾಚಿದರು.

ಜಯಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದರು. ‘ಏನೂ ಇಲ್ವಂತೆ ಕಣಣ್ಣ. ಎಲ್ಲಾ ಚೆಂದಾಗೈತಂತೆ.’

ಏನೂ ಇಲ್ಲವೆನ್ನುವ ಅಧಿಕಾರಿಯ ಬಳಿಯೇ ಸುದ್ದಿಯಿರುತ್ತದೆಂದು ಡೆಸ್ಕು ನನಗೆ ಕಲಿಸಿತ್ತು. ‘ಪಂಪಿಂಗ್ ಏರಿದೆಯೇನಮ್ಮ?’ ಎಂದು ಕೇಳಿದೆ.

ಅವರು ಪಕ್ಕದಲ್ಲಿ ಕೂತರು. ‘ಏರಿಲ್ವಂತೆ. ಮಿಸಿನ್ ಆಕುಸ್ಬೇಕಂತೆ. ಮನೇಲಿ ನೋಡ್ಕಳಾಕೆ ಯಾರವ್ರೆ ಅಂದ್ರು. ನಾನಿವ್ನಿ ಅಂದ್ಬುಟ್ಟೆ, ಇನ್ನೇನನ್ಲಿ?’

ಅಷ್ಟರಲ್ಲಿ ಅವರ ರಿಪೋರ್ಟು ಬಂತು. ದುದ್ದದ ಬಸ್ಸಿಗೆ ಹೊತ್ತಾಯಿತೆಂದು ಗಂಡ ಹೆಂಡತಿ ಹೊರಟೇಬಿಟ್ಟರು. ಸಿಕ್ಕವರ ಫೋನ್ ನಂಬರು ಕೇಳದೆ ಎಂದೂ ಎದ್ದುಬಾರದ ಹಳೆಯ ಪತ್ರಕರ್ತ ಆವತ್ತು ಬರಿದೇ ಕೈ ಮುಗಿದು ಕಳಿಸಿಬಿಟ್ಟ.

ಯಂತ್ರ ಹಾಕಿಸುವ ದಿನ ಗೊತ್ತುಮಾಡಲು ಕೌಂಟರಿಗೆ ಹೋದೆ. ಅಲ್ಲಿಯೂ ಅದೇ: ‘ಆವತ್ತು ಜೊತೆಗೆ ಯಾರು ಬರ್ತಾರೆ ಸಾರ್?’

ಖಚಿತಪಡಿಸಿಕೊಳ್ಳದ ಒಂದು ಸಾಲನ್ನೂ ಅಚ್ಚಿಗೆ ಬಿಡದವನು ನಾನು. ತಿರುಗಿ ಬೆಂಚು ನೋಡಿದೆ. ಅಲ್ಲಿ ಬೇರೆ ಯಾರೋ ಕೂತಿದ್ದರು.

‘ತಂಗಿ ಇದ್ದಾಳೆ, ದುದ್ದದಲ್ಲಿ’ ಎಂದೆ.

ಆ ವಾಕ್ಯದಲ್ಲಿ ಊರಿನ ಹೆಸರೊಂದನ್ನು ಮಾತ್ರ ನಾನು ದೃಢಪಡಿಸಬಲ್ಲೆ.