ಒಂದು ನಂಬರು, ಎರಡು ಕ್ಯಾನು

ಮೊಮ್ಮಗಳು ಕೆಲಸಕ್ಕೆ ಸೇರಿದ ಮೇಲೆ ನಾನು ನರಸೀಪುರದ ಬಸ್ಸಿನಲ್ಲಿ ಬಾಯಿ ಮುಚ್ಚಿ ಕೂತದ್ದು ಕಡಿಮೆ. ಪಕ್ಕದಲ್ಲಿ ಯಾರೇ ಇರಲಿ, ಅವರ ಊರು ಕೇಳುವುದು, ಬೆಳೆ ಕೇಳುವುದು, ಆಮೇಲೆ ಮೆಲ್ಲಗೆ, "ನಮ್ ಮೊಮ್ಮಗ್ಳು ನಂಜನಗೂಡಲ್ಲವಳೆ, ಊರೂರ ಡೈರಿ ಕಂಪ್ಯೂಟ್ರು ನಡೆಯಾದು ಅವಳ ಕೈಲೇಯ" ಎಂದು ಹೇಳಿಬಿಡುವುದು. ಒಮ್ಮೆ ಕಂಡಕ್ಟರು, "ಅಜ್ಜೀ, ಓದ್ವಾರನೂ ಇದೇ ಏಳಿದ್ರಿ, ಮೊದ್ಲು ಆಧಾರ್ ಕಾರ್ಡ್ ತೋರ್ಸಿ" ಎಂದ. ಅದಕ್ಕೇನಂತೆ. ಹೋದ ವಾರವೂ ಸಂತೋಷವಾಗಿತ್ತು, ಈ ವಾರವೂ ಆಗಿತ್ತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಕೆಲಸ ನನ್ನ ತಲೆಗೆ ಹತ್ತಲಿ ಎಂದು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಡೈರಿಯಲ್ಲಿ ಹಾಲು ತೂಗಿದ ತಕ್ಷಣ ಲೆಕ್ಕ ಇಂಟರ್‌ನೆಟ್ಟಿನಲ್ಲಿ ಹೋಗಿ ಕೂರುತ್ತದಲ್ಲ, ಅದನ್ನು ಕಟ್ಟಿರುವುದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಂತೆ. ಅದನ್ನು ತಳಪಾಯದಿಂದ ಯಾರೂ ಕಟ್ಟುವುದಿಲ್ಲವಂತೆ. ಕಂಬ, ತೊಲೆ, ಬಾಗಿಲು ಎಲ್ಲ ಮಾಡಿಟ್ಟದ್ದು ಸಿಗುತ್ತದೆ, ಅದಕ್ಕೆ ಫ್ರೇಮ್‌ವರ್ಕ್ ಎನ್ನುತ್ತಾರೆ. ಅದನ್ನು ಮಾಡುವವರು ಎಲ್ಲೆಲ್ಲೋ ಇದ್ದಾರೆ, ಆಗಾಗ ಅದನ್ನೇ ತಿದ್ದಿ ಹೊಸದು ಬಿಡುತ್ತಾರೆ. ಹಾಗೆ ಬಿಟ್ಟದ್ದೇ ರಿಲೀಸು.

"ಹಳೇ ತೊಲೆಗೆ ಏನಾಗಿತ್ತವ್ವ?" ಎಂದು ಕೇಳಿದೆ.

"ಹುಳ ಬಿದ್ರೆ ಇನ್ಮೇಲೆ ನಾವು ನೋಡಲ್ಲ ಅಂದವ್ರೆ ಕಣಜ್ಜಿ. ಹೊಸದ್ರಲ್ಲಿ ಅನುಕೂಲಾನೂ ಜಾಸ್ತಿ. ಮುಂಚೆ ಒಬ್ರು ಕೆಲಸ ಮುಗಿಯೋಗಂಟ ಒಂದಾಳು ಸುಮ್ನೆ ಕಾಯ್ಕಂಡು ನಿಂತಿರ್ಬೇಕಿತ್ತು. ಈಗ ಆ ಆಳು ಅಷ್ಟೊತ್ಗೆ ಇನ್ನೊಬ್ರ ಕೆಲಸ ಮಾಡ್ಬತ್ತನೆ."

"ನಾನು ಎಸರಿಟ್ಟು ಕೊಟ್ಟಿಗೆ ಗುಡಿಸ್ಬರಂಗೆ."

"ಹೂಂ, ಅಂಗೇಯ."

ಇನ್ನೊಂದು ಅನುಕೂಲವೂ ಇತ್ತು, ಅವಳಿಗೆ ಅದರ ಮೇಲೇ ಮನಸ್ಸು. ನಮ್ಮೂರು ಹೆಮ್ಮಿಗೆ ಕಡೆ ನೆಟ್‌ವರ್ಕ್ ಬಂದರೆ ಬಂತು. ಡೈರಿ ಸೆಕ್ರೆಟರಿ ಬಟನ್ ಒತ್ತಿ, ಹೋಯಿತೋ ಇಲ್ಲವೋ ಎಂದು ಮತ್ತೊಮ್ಮೆ ಒತ್ತುತ್ತಾನೆ. ಒಂದೇ ಹಾಲು ಎರಡು ಸಲ ಲೆಕ್ಕಕ್ಕೆ ಸೇರಿ ಜಗಳವಾಗುತ್ತಿತ್ತು. ಹೊಸ ರಿಲೀಸಿನಲ್ಲಿ, ಆಗಲೇ ಬಂದದ್ದು ಮತ್ತೆ ಬಂದರೆ ಗುರುತು ಹಿಡಿದು, ಎರಡನೆಯದನ್ನು ಬಿಟ್ಟು, ಮೊದಲನೆಯದರ ತೂಕದ ಚೀಟಿಯನ್ನೇ ಇನ್ನೊಮ್ಮೆ ಕೊಡುತ್ತದೆ. ಯಾವುದನ್ನು ಗುರುತಾಗಿ ಇಟ್ಟುಕೊಳ್ಳಬೇಕು ಎಂದು ಮಾತ್ರ ನಾವು ಹೇಳಿಕೊಡಬೇಕು. ಇವಳು ಹೇಳಿಕೊಟ್ಟಳು: ಸದಸ್ಯರ ನಂಬರು, ತಾರೀಖು, ಬೆಳಗೋ ಸಂಜೆಯೋ, ಇಷ್ಟೇ. ಆಫೀಸಿನಲ್ಲಿ ಹಳಬರು ಸ್ವಲ್ಪ ತಡೆಯೋಣ ಎಂದರಂತೆ. ಇವಳು ಸೇರಿ ಇನ್ನೂ ವರ್ಷ ತುಂಬಿಲ್ಲ, ಕೆಲಸ ಕಾಯಂ ಆಗಿಲ್ಲ. ಆದರೂ ನಾನೇ ಜವಾಬ್ದಾರಿ ಎಂದು ಓನರ ಎದುರಿಗೆ ನಿಂತು ಹೇಳಿ ಹೊಸದನ್ನು ಹಾಕಿಸಿದಳು. ಆ ದಿನ ನಾನು ಬೀದಿಗೆಲ್ಲ ಬೆಲ್ಲ ಹಂಚಿದೆ. ಯಾಕೆ ಎಂದು ಕೇಳಿದವರಿಗೆ, "ರಿಲೀಸ್ ಆಯ್ತು" ಎಂದೆ. ಎದುರು ಮನೆಯವಳು, "ಯಾರು, ಜೈಲಿಂದ್ಲಾ?" ಎಂದಳು. ಅವಳಿಗೆ ಬೆಲ್ಲ ಕೊಡಲಿಲ್ಲ.

ಈಗ ನಮ್ಮ ಮನೆಯ ಸಂಗತಿ ಹೇಳಬೇಕು. ಹೊರಗಿನಿಂದ ನೋಡಿದವರಿಗೆ ಅದು ಒಂದೇ ಮನೆ. ಒಳಗೆ ಎರಡು ಒಲೆ. ನಡುಮನೆ ಹಿಂದಿನದು ನನ್ನದು, ಹಿತ್ತಿಲ ಕಡೆಯದು ಸೊಸೆಯದು, ಅಂದರೆ ಮೊಮ್ಮಗಳ ಅವ್ವನದು. ಹಸು ಕರು ಹಾಕಿದಾಗ ಮೊದಲ ಗಿಣ್ಣು ಯಾರ ತವರಿಗೆ ಹೋಗಬೇಕು ಎಂದು ಶುರುವಾದ ಮಾತು ಒಲೆ ಒಡೆಯುವವರೆಗೂ ಬಂತು. ಮಗ ಎರಡೂ ಕಡೆ ಉಂಡು ದಪ್ಪಗಾಗಿದ್ದಾನೆ. ಹಸುಗಳನ್ನೂ ಹಂಚಿಕೊಂಡೆವು, ಕ್ಯಾನೂ ಬೇರೆಯಾಯಿತು. ಡೈರಿಯ ಸದಸ್ಯ ನಂಬರು ಮಾತ್ರ ನಮ್ಮ ಯಜಮಾನರ ಕಾಲದ್ದು, ಅದೊಂದೇ. ನಾನು ಹಾಕಿ ಬಂದ ಹಿಂದೆಯೇ ಅವಳು ಹೋಗಿ ಅದೇ ನಂಬರಿಗೆ ಹಾಕುತ್ತಿದ್ದಳು.

ಇದು ಮೊಮ್ಮಗಳಿಗೆ ಗೊತ್ತಿರಲಿಲ್ಲ. ಒಲೆ ಬೇರೆಯಾದಾಗ ಅವಳು ಹಾಸ್ಟೆಲಿನಲ್ಲಿದ್ದಳು, ಪರೀಕ್ಷೆ ಹತ್ತಿರವಿತ್ತು. ಮಗುವಿನ ಮನಸ್ಸು ಕೆಡುವುದು ಬೇಡ ಎಂದು ನಾವಿಬ್ಬರೂ ಒಪ್ಪಿದ ಮಾತು ಅದೊಂದೇ. ಅವಳು ಬರುವ ಭಾನುವಾರ ಹಿತ್ತಿಲ ಒಲೆ ಹತ್ತುತ್ತಿರಲಿಲ್ಲ. ಸೊಸೆ ನನ್ನ ಅಡಿಗೆಮನೆಗೆ ಬಂದು, "ಅತ್ತೆ, ಮೆಂತ್ಯ ಎಲ್ಲಿ?" ಎಂದು ದಿನವೂ ಅಲ್ಲೇ ಇರುವವಳ ಹಾಗೆ ಕೇಳುತ್ತಿದ್ದಳು.

ಹೊಸ ರಿಲೀಸು ಹಾಕಿದ ವಾರವೇ ಒಂದು ಬೆಳಿಗ್ಗೆ ಸೊಸೆ ಡೈರಿಯಿಂದ ಬಂದವಳು ಚೀಟಿಯನ್ನು ನನ್ನ ಮುಂದೆ ಹಿಡಿದಳು.

"ಇದು ನಿಮ್ ಆಲು. ನಂದೆಲ್ಲಿ?"

"ನನ್ನ ಕೇಳ್ತೀಯಲ್ಲ, ನಾನೇನು ಕುಡ್ಕಂಡ್ನ?"

"ದಿನಾ ನಿಮ್ ಚೀಟಿನೇ ನಂಗೂ ಬತ್ತಾದೆ. ಸೆಕ್ರೆಟ್ರಿ ಕಿವಿಲಿ ಏನಾರ ಊದಿದ್ರಾ?"

ನನಗೆ ಮೈಯೆಲ್ಲ ಉರಿಯಿತು. ಹೋಗಿ ಸೆಕ್ರೆಟರಿಯನ್ನು ಕೇಳಿದರೆ ಅವನು, "ಮಿಸೀನು ಕೊಟ್ಟದ್ನ ಕೊಡ್ತೀನಿ ಕಣವ್ವ. ಒಸದು ಆಕವ್ರೆ. ನಿಮ್ ಮೊಮ್ಮಗ್ಳೇ ಅಂತಲ್ಲ, ಅವಳ್ನೇ ಕೇಳ್ಕಳಿ" ಎಂದ. ಸಾಲಿನಲ್ಲಿದ್ದವರು ನಕ್ಕರು. ಬಸ್ಸಿನಲ್ಲೆಲ್ಲ ಹೇಳಿಕೊಂಡು ಬಂದ ಮಾತು ಅಲ್ಲಿ ನನ್ನ ಮುಖಕ್ಕೇ ಬಂದು ಬಡಿಯಿತು.

ಗುರುವಾರ ಸಂಜೆ ಮೊಮ್ಮಗಳು ಹೇಳದೆ ಕೇಳದೆ ಬಂದಳು. ಎರಡೂ ಒಲೆ ಉರಿಯುತ್ತಿದ್ದವು. ಸೊಸೆ ಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ನನ್ನ ಒಲೆಯ ಪಕ್ಕಕ್ಕೆ ತಂದಿಟ್ಟಳು. ಹುಡುಗಿ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಬತ್ತಿತ್ತು.

"ಅಲ್ಲೊಂದು ಊರು ಇಲ್ಲೊಂದು ಊರಿಂದ ಫೋನು ಬತ್ತಾವೆ ಕಣಜ್ಜಿ, ಹಾಲು ಕಾಣೆ ಅಂತ. ನಾನು ಆಫೀಸಲ್ಲಿ ಹೆಂಗೆ ಟೆಸ್ಟ್ ಮಾಡಿದ್ರೂ ಸರಿಯಾಗೇ ಬತ್ತದೆ. ಶನಿವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಹಳೇದನ್ನೇ ಹಾಕ್ತೀನಿ, ನಿನ್ ವಿಷಯ ಆಮೇಲೆ ಮಾತಾಡನ ಅಂದ್ರು ಓನರು." ಮುದ್ದೆ ಮುರಿದಳು, ಬಾಯಿಗಿಡಲಿಲ್ಲ. "ಒಂದು ನಂಬರಿಂದ ಒಂದೊತ್ಗೆ ಒಂದೇ ಸಲ ತಾನೆ ಹಾಲು ಹಾಕದು?"

ಸೊಸೆ ನನ್ನ ಮುಖ ನೋಡಿದಳು, ನಾನು ಅವಳದು. ಹೇಳಿದರೆ ಮಗುವಿಗೆ ಮನೆ ಒಡೆದದ್ದು ತಿಳಿಯುತ್ತದೆ, ಹೇಳದಿದ್ದರೆ ಅದರ ಕೆಲಸ ಹೋಗುತ್ತದೆ.

"ಎಲ್ಡು ಸಲಾನೂ ಆಕ್ತಾರೆ ಕಣವ್ವ," ಎಂದೆ.

"ಯಾರು?"

ಸೊಸೆಯೇ, "ನಾವು" ಎಂದಳು.

ಹುಡುಗಿ ಸಾರಿನ ಪಾತ್ರೆ ನೋಡಿದಳು, ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದ ಹೊಗೆ ನೋಡಿದಳು. "ಯಾವಾಗಿಂದ?" ಎಂದಳು. ಅವಳು ಕೇಳಿದ್ದು ಹಾಲಿನ ವಿಷಯವಲ್ಲ. ನೀನು ಪರೀಕ್ಷೆ ಬರೆಯುವಾಗಿನಿಂದ ಎಂದು ಅವರವ್ವ ಹೇಳಿದಳು. ಅವಳು ಕೈ ತೊಳೆದು ಜಗಲಿಗೆ ಹೋಗಿ ಕೂತಳು. ಕರೆದರೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಹಿಂದೆಯೇ ಡೈರಿಗೆ ಬಂದು ಗೋಡೆಗೆ ಒರಗಿ ನಿಂತು ನೋಡಿದಳು. ನಮ್ಮೊಬ್ಬರದೇ ಅಲ್ಲ, ಪಾಲಾದ ಅಣ್ಣತಮ್ಮಂದಿರ ಮನೆಯೊಂದು, ಮಗಳ ಹಸು ಸಾಕುತ್ತಿದ್ದ ತಾಯಿಯೊಬ್ಬಳು, ಅವರದೂ ಹೀಗೇ. ಸೆಕ್ರೆಟರಿ, "ಸುಲಭ ಕಣವ್ವ, ಇಬ್ರಿಗೂ ಬೇರೆ ಬೇರೆ ನಂಬ್ರು ಮಾಡ್ಸಿ ಬುಡಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಸೊಸೆ, "ಬ್ಯಾಡ" ಎಂದಳು. ಅವಳು ಹಾಗೆ ಯಾಕೆ ಅಂದಳೋ, ನಾನು ಇವತ್ತಿಗೂ ಕೇಳಿಲ್ಲ.

ಹುಡುಗಿ ತೂಕದ ಮಿಷೀನನ್ನೇ ನೋಡುತ್ತಿದ್ದಳು. ನನ್ನ ಹಾಲು ತೂಗಿ ಪಾತ್ರೆ ಬರಿದು ಮಾಡಿದಾಗ ಅದು ಸೊನ್ನೆಗೆ ಬಂತು, ಆಮೇಲೆ ಅವರವ್ವನ ಹಾಲಿಗೆ ಏರಿತು. ಸೆಕ್ರೆಟರಿ ಸುಮ್ಮನೆ ಎರಡು ಸಲ ಬಟನ್ ಒತ್ತಿದಾಗ ನಡುವೆ ಸೊನ್ನೆ ಬರುವುದಿಲ್ಲ. "ಆ ಸೊನ್ನೇನೇ ಗುರುತು ಮಾಡ್ಬೇಕಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನವೆಲ್ಲ ನೆಟ್‌ವರ್ಕ್ ಸಿಗುವ ತಾರಸಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ತಲೆಗೆ ಟವಲು ಹಾಕಿಕೊಂಡು ಕೂತಳು. ನಾನೊಮ್ಮೆ ಮಜ್ಜಿಗೆ ಒಯ್ದೆ, ಸೊಸೆಯೊಮ್ಮೆ ಒಯ್ದಳು.

ಶನಿವಾರ ಬೆಳಿಗ್ಗೆ ಅವಳು ಹೇಳಿದ ಹಾಗೆ ನಾವಿಬ್ಬರೂ ಒಟ್ಟಿಗೆ ಸಾಲಿನಲ್ಲಿ ನಿಂತೆವು. ಹಿಂದಿದ್ದವನೊಬ್ಬ, "ಓಹೋ, ಅತ್ತೆ ಸೊಸೆ ಜೋಡಿ ಬಂದವ್ರೆ, ಮಳೆ ಬತ್ತದೆ ಕಣ್ರಲಾ ಇವತ್ತು" ಎಂದ. ನನ್ನ ಚೀಟಿ ಬಂತು. ಸೊಸೆಯದೂ ಬಂತು, ಅದರಲ್ಲಿ ಅವಳ ಹಾಲೇ ಇತ್ತು. ಹುಡುಗಿ ಸೆಕ್ರೆಟರಿಗೆ ಹೇಳಿ ಅದೇ ಬಟನ್ನು ಬೇಕೆಂದೇ ಮತ್ತೆ ಒತ್ತಿಸಿದಳು. ಮೂರನೆಯದು ಲೆಕ್ಕಕ್ಕೆ ಸೇರಲಿಲ್ಲ. ಹೊರಗೆ ಹೋಗಿ ಓನರಿಗೆ ಫೋನು ಮಾಡಿದಳು. "ಹಳೇದು ಬೇಡ ಸಾರ್, ಹೊಸದೇ ಸರಿಹೋಯ್ತು" ಎಂದದ್ದು ನನಗೆ ಕೇಳಿಸಿತು.

ಅವಳ ಕೆಲಸ ಉಳಿಯಿತು. ಫ್ರೇಮ್‌ವರ್ಕ್ ಮಾಡುವವರಿಗೂ ಇದನ್ನೆಲ್ಲ ಬರೆದಳಂತೆ. ಮುಂದಿನ ರಿಲೀಸಿನ ಸಂಗಡ ಅವರು ಒಂದು ಎಚ್ಚರಿಕೆಯ ಸಾಲು ಸೇರಿಸಿದರು: ಒಂದು ನಂಬರು ಎಂದರೆ ಒಬ್ಬರೇ ಎಂದು ತಿಳಿಯಬೇಡಿ. ಮೊನ್ನೆ ಭಾನುವಾರ ಅದನ್ನು ಫೋನಿನಲ್ಲಿ ತೋರಿಸಿ, ಕೆಳಗಿದ್ದ ತನ್ನ ಹೆಸರನ್ನೂ ತೋರಿಸಿದಳು. ಇಂಗ್ಲಿಷ್ ನನಗೆ ಬಾರದು. ಆದರೂ ಆ ಹೆಸರಿನ ಮೇಲೆ ಬೆರಳಾಡಿಸಿದೆ, ಅಷ್ಟಕ್ಕೇ ಅದು ಎಲ್ಲೋ ಸರಿದುಹೋಯಿತು. ಅವಳು ನಕ್ಕಳು. ನನ್ನ ಸಂತೋಷ ಹಿಡಿಸುವಷ್ಟು ಜಾಗ ಆ ಮನೆಯಲ್ಲಿರಲಿಲ್ಲ.

"ಬಾ, ಉಣ್ಣು," ಎಂದೆ.

"ಯಾವ ಒಲೇದಜ್ಜಿ?" ಎಂದಳು.

ಚುಚ್ಚಿ ಕೇಳಲಿಲ್ಲ. ಮೊಸರೋ ಮಜ್ಜಿಗೆಯೋ ಎಂದು ಕೇಳುವ ಹಾಗೆ ಕೇಳಿದಳು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

"ಮುದ್ದೆ ನಂದು, ಸಾರು ನಿಮ್ಮವ್ವಂದು," ಎಂದುಬಿಟ್ಟೆ. ನನ್ನ ಒಲೆಯ ಮೇಲೆ ನನ್ನದೇ ಸಾರು ಕುದಿಯುತ್ತಿತ್ತು. ಅದನ್ನು ಮುಚ್ಚಿ, ಬಟ್ಟಲು ತೆಗೆದುಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ. ಒಲೆ ಬೇರೆಯಾದ ಮೇಲೆ ಆ ಹೊಸ್ತಿಲಿನ ತನಕ ನಾನು ಹೋದವಳಲ್ಲ.

"ಒಸಿ ಸಾರು ಕೊಡವ್ವ."

ಸೊಸೆ ಬಟ್ಟಲು ನೋಡಿದಳು, ನನ್ನನ್ನು ನೋಡಲಿಲ್ಲ. "ಉಪ್ಪು ಕಮ್ಮಿ ಆಗದೆ," ಎಂದಳು. "ತಡೀರಿ, ಆಕ್ಕೊಡ್ತೀನಿ."