ಬೋಟಿನ ಮೀಟರಿಗೆ ಹಿಡಿದ ಮಂಜು

ಹೊಸ ಚಪ್ಪಲಿಯ ಡಬ್ಬಿ ತೆಗೆದಾಗ ತೇವ ಹೀರುವ ಪುಟ್ಟ ಬಿಳಿ ಪೊಟ್ಟಣವೊಂದು ನೆಲಕ್ಕೆ ಬಿತ್ತು. ಕಸಕ್ಕೆ ಹಾಕಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಬೆಂಗಳೂರಿನ ಕೋಣನಕುಂಟೆಯಲ್ಲಿ ಬಾಡಿಗೆಗಿದ್ದಾಗ ನಾವು ಯಾರೂ ಇಂಥ ಪೊಟ್ಟಣಗಳನ್ನು ಎಸೆಯುತ್ತಿರಲಿಲ್ಲ. ಶೂ ತಂದರೆ, ಬ್ಯಾಗು ತಂದರೆ, ಮಾತ್ರೆಯ ಡಬ್ಬಿ ಖಾಲಿಯಾದರೆ, ಒಳಗಿನ ಪೊಟ್ಟಣ ಪಕ್ಕದ ಮನೆಯ ಓನರ್ ಅಂಕಲ್‌ಗೆ ಸೇರಬೇಕು. ಅವರು ಅವನ್ನೆಲ್ಲ ಒಂದು ಗಾಜಿನ ಭರಣಿಯಲ್ಲಿ ಕೂಡಿಡುತ್ತಿದ್ದರು. ಭರಣಿಯ ಮುಚ್ಚಳ ನೀಲಿ ಎಂದು ಬರೆಯಹೊರಟೆ. ನೀಲಿಯಾಗಿದ್ದದ್ದು ನೀರಿನ ಡ್ರಮ್ಮು. ಮುಚ್ಚಳದ ಬಣ್ಣ ನನಗೆ ಗೊತ್ತಿಲ್ಲ...

ಅಂಕಲ್ ಬಳಿ ಒಂದು ಬೋಟಿತ್ತು. ಹೊಳೆಯೂ ಇಲ್ಲದ, ಕಡಲೂ ಇಲ್ಲದ ನಮ್ಮ ಬೀದಿಯಲ್ಲಿ, ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಟಾರ್ಪಾಲು ಹೊದ್ದು ಗಾಲಿಗಾಡಿಯ ಮೇಲೆ ಅದು ನಿಂತಿರುತ್ತಿತ್ತು. ಎಲ್ಲೋ ಮುಚ್ಚಿಹೋದ ರೆಸಾರ್ಟ್ ಒಂದರಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಬೀದಿಯವರಿಗೆ ಅದೊಂದು ತಮಾಷೆ. ಮಳೆ ಬಂದ ಮಾರನೇ ದಿನ ಹಾಲು ಹಾಕುವವನು ಗೇಟಿನಾಚೆಯಿಂದಲೇ ಕೇಳುತ್ತಿದ್ದ: "ಅಂಕಲ್, ಬಿಟಿಎಂ ಕಡೆ ಸೊಂಟದವರೆಗೆ ನೀರಂತೆ. ಬಿಡ್ತೀರಾ?"

"ಪೆಟ್ರೋಲ್ ನೀನ್ ಹಾಕ್ಸಪ್ಪ, ಬಿಡೋಣ," ಎನ್ನುತ್ತಿದ್ದರು ಅಂಕಲ್.

ಅವರದು ಅಲ್ಲಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೇ ಸೈಟುಗಳಾಗಿತ್ತು. ಅವರೇ ಮುಂದೆ ನಿಂತು ತಮ್ಮ ಮನೆಯ ಮೂರು ಕಡೆಗೂ ಬಾಡಿಗೆ ಕಟ್ಟಡ ಎಬ್ಬಿಸಿದ್ದರು. ಒಂದು ಎದ್ದಾಗ ಬೆಳಗಿನ ಬಿಸಿಲು ಹೋಯಿತಂತೆ, ಇನ್ನೊಂದು ಎದ್ದಾಗ ಸಂಜೆಯದು. ಉಳಿದ ಒಂದೇ ತೆರೆದ ಬದಿ ಆ ಖಾಲಿ ಸೈಟು. ಸಂಜೆ ಟಾರ್ಪಾಲು ಸರಿಸಿ, ಬೋಟಿನ ಚಾಲಕನ ಸೀಟಿನಲ್ಲಿ ಕೂತು, ಅವರು ಸುಮ್ಮನೆ ಮುಂದೆ ನೋಡುತ್ತಿದ್ದರು. ಮುಂದೆ ಇದ್ದದ್ದು ನಾನಿದ್ದ ಕಟ್ಟಡದ ಗೋಡೆ.

"ಸುತ್ತ ಎಲ್ಲೂ ಗೋಡೆ ಕಾಣ್ಬಾರ್ದು ಕಣಮ್ಮ," ಎಂದಿದ್ದರು ಒಮ್ಮೆ. "ಅಂಥ ನೀರಿನ್ ಮಧ್ಯ ಒಂದ್ ಗಂಟೆ ಕೂರ್ಬೇಕು. ಆಮೇಲೆ ಏನ್ ಬೇಕಾದ್ರೂ ಕಟ್ಕೊಳ್ಲಿ."

ಕಟ್ಟುವುದು ಆಗಲೇ ನಿಶ್ಚಯವಾಗಿತ್ತು. ಆ ಸೈಟಿನಲ್ಲಿ ಪಿಜಿ ಕಟ್ಟಿಸಲು ಅವರ ಮಗ ಪ್ಲಾನ್ ಮಾಡಿಸಿಯಾಗಿತ್ತು. ಓನರ್ ಆಂಟಿ ಮಾತ್ರ ನಡುವೆ ನಿಂತು ಒಂದು ಗಡುವು ಕೊಟ್ಟಿದ್ದರು. ಆಯುಧಪೂಜೆಯ ದಿನ ಎಲ್ಲರೆದುರಿಗೆ ಬೋಟಿನ ಎಂಜಿನ್ ಓಡಬೇಕು. ಓಡಿದರೆ ಈ ವರ್ಷ ಪಾಯ ಇಲ್ಲ, ಮನೆಮಂದಿಯೆಲ್ಲ ಬೋಟಿನೊಂದಿಗೆ ಅಣೆಕಟ್ಟಿನ ಹಿನ್ನೀರಿಗೆ ಹೋಗುವುದು. ಓಡದಿದ್ದರೆ ಬೋಟು ಗುಜರಿಗೆ.

ಎಂಜಿನ್ನನ್ನು ಮೆಕ್ಯಾನಿಕ್ ಸರಿಮಾಡಿಕೊಟ್ಟಿದ್ದ. ಅಂಕಲ್‌ಗೆ ತಲೆನೋವಾಗಿದ್ದದ್ದು ಮೀಟರುಗಳು. ವೇಗದ್ದು, ಪೆಟ್ರೋಲಿನದು, ಎಂಜಿನ್ ಶಾಖದ್ದು, ಎಲ್ಲದರ ಗಾಜಿಗೂ ಒಳಗಿನಿಂದ ಮಂಜು ಹಿಡಿದಿತ್ತು. ಹೊರಗೆ ಎಷ್ಟು ಒರೆಸಿದರೂ ಹೋಗದ ಮಂಜು. ಶಾಖದ ಮುಳ್ಳು ಕಾಣದೆಯೇ ಓಡಿಸಿ ರೆಸಾರ್ಟಿನ ಚಾಲಕ ಎಂಜಿನ್ ಸುಟ್ಟುಕೊಂಡಿದ್ದನಂತೆ. ಹಾಗಾಗಿ ಕಣ್ಣಿಗೆ ಮುಳ್ಳು ಕಾಣದೆ ತಾನು ಓಡಿಸುವುದಿಲ್ಲ ಎಂದು ಅಂಕಲ್ ಹಟ ಹಿಡಿದಿದ್ದರು.

ಒಂದು ದಿನ ನಮ್ಮ ಬಾಗಿಲಿಗೆ ಬಂದು ಹೇರ್ ಡ್ರೈಯರ್ ಕೇಳಿದರು. ಮೆಟ್ಟಿಲ ಕೆಳಗಿನಿಂದ ಆಂಟಿಯ ದನಿ ಬಂತು: "ಕೊಡಮ್ಮ, ಪಾಪ. ತಲೇಲಿರೋ ಕೂದ್ಲೆಲ್ಲ ನೆನ್ಕೊಂಡ್ಬಿಟ್ಟಿದೆ." ಅಂಕಲ್ ತಮ್ಮ ಬೋಳುತಲೆ ಸವರಿಕೊಂಡರೇ ಹೊರತು ತಿರುಗಿ ನೋಡಲಿಲ್ಲ.

ಡ್ರೈಯರ್ ಹಿಂದೆ ನಾನೂ ಹೋದೆ. ಬೋಟಿನಿಂದ ಬಿಚ್ಚಿ ತಂದ ಮೀಟರಿನ ಸುತ್ತಲಿನ ಬಳೆಯಂಥ ಲೋಹದ ಪಟ್ಟಿಯನ್ನು ಅವರು ಸ್ಕ್ರೂಡ್ರೈವರಿನಿಂದ ಇಷ್ಟಿಷ್ಟೇ ಎಬ್ಬಿಸುತ್ತಿದ್ದರು. ಎರಡು ಕಡೆ ಜಾರಿ ಗೀರು ಬಿತ್ತು, ಒಂದು ಗಾಜಿನ ಅಂಚು ಚಕ್ಕೆ ಎದ್ದಿತು. ಗಾಜು ತೆಗೆದು ಬಿಸಿಗಾಳಿ ಹಿಡಿದು, ರಾತ್ರಿಗೆ ಮೀಟರುಗಳನ್ನು ಪೊಟ್ಟಣಗಳ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚುತ್ತಿದ್ದರು. ಎಷ್ಟು ದಿನ ಹೀಗೆ ನಡೆಯಿತೋ ಹೇಳಲಾರೆ. ನೆನಪಿನಲ್ಲಿ ಅದೊಂದೇ ಉದ್ದನೆಯ ಮಧ್ಯಾಹ್ನ... ಹಾಗಿರುವುದು ಸಾಧ್ಯವಿಲ್ಲ. ಆದರೆ ಹಬ್ಬದ ಹೊತ್ತಿಗೆ ಎಲ್ಲವೂ ಒಣಗಿ, ಬಿಳಿಯ ಅಂಕಿಗಳು ಹೊಸದಾಗಿ ಕಂಡದ್ದು ನಿಜ. ಇನ್ನು ಗಾಜು ಕೂರಿಸಿ, ಮೀನಿನ ತೊಟ್ಟಿಗೆ ಹಾಕುವ ಸಿಲಿಕಾನ್ ಅಂಟು ಬಳಿಯುವುದಷ್ಟೇ ಬಾಕಿ.

"ಬಳಿದುಬಿಡಿ ಅಂಕಲ್," ಎಂದೆ.

"ಪೂಜೆ ಆಗ್ಲಿ. ಮುಚ್ಚಿದ್ಮೇಲೆ ಪೂಜೆ ಒಳಕ್ಕೆ ಹೋಗುತ್ತಾ?"

ಆಯುಧಪೂಜೆಯ ಬೆಳಿಗ್ಗೆ ಕಾರು, ಸ್ಕೂಟರು, ಗುದ್ದಲಿ, ಮಗನ ಲ್ಯಾಪ್‌ಟಾಪು, ಆಂಟಿಯ ಮಿಕ್ಸಿ, ಎಲ್ಲಕ್ಕೂ ಅರಿಶಿನ ಕುಂಕುಮ ಬಿತ್ತು. ಸಾಲಿನ ಕೊನೆಯಲ್ಲಿ ಬಾಳೆಲೆಯ ಮೇಲೆ ಬಾಯಿ ತೆರೆದ ಮೀಟರುಗಳು. ಪುರೋಹಿತರು ಮಾವಿನೆಲೆ ಅದ್ದಿ ಕಳಶದ ನೀರು ಚಿಮುಕಿಸುತ್ತ ಬಂದು ಅವುಗಳ ಎದುರು ಕೈ ತಡೆದರು. "ಇವಕ್ಕೂ ಹಾಕ್ಬೇಕಾ ಯಜಮಾನ್ರೇ? ಕರೆಂಟಿನ ಸಾಮಾನು ಇದ್ದಂಗಿದೆ."

"ಅವಕ್ಕೇ ಮುಖ್ಯವಾಗಿ ಹಾಕಿ ಸ್ವಾಮಿ."

ಚಿಮುಕಿಸಿದರು. ಅಂಕಲ್ ಕಣ್ಣಿಗೊತ್ತಿಕೊಂಡು, ಬಟ್ಟೆಯಿಂದ ಒರೆಸಿ, ಗಾಜು ಕೂರಿಸಿ, ಉಸಿರು ಬಿಗಿಹಿಡಿದು ಸುತ್ತ ಅಂಟು ಬಳಿದರು. ಒಣಗಿಸಲು ಅಷ್ಟು ಪಾಡುಪಟ್ಟ ತೇವವನ್ನು ತಮ್ಮ ಕೈಯಾರೆ ಒಳಗಿಟ್ಟು ಮೊಹರು ಮಾಡಿದರು. ಆ ಹೊತ್ತಿನಲ್ಲಿ ಅದು ನಮಗ್ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಕೈಮುಗಿದುಕೊಂಡು ನಿಂತಿದ್ದೆವು.

ಮಧ್ಯಾಹ್ನ ಮೀಟರುಗಳು ಮತ್ತೆ ಬೋಟಿನಲ್ಲಿ ಕೂತವು, ಬೋಟಿಗೆ ಚೆಂಡುಹೂವಿನ ಹಾರ. ಹಿಂಬದಿಯ ಎಂಜಿನ್ನಿನ ಬಾಲವನ್ನು ನೀರು ತುಂಬಿದ ನೀಲಿ ಡ್ರಮ್ಮಿನಲ್ಲಿ ಮುಳುಗಿಸಿದ್ದರು. ಅಂಕಲ್ ಕೀ ತಿರುಗಿಸಿದರು. ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಓಡತೊಡಗಿತು. ಡ್ರಮ್ಮಿನ ನೀರು ಕುಣಿದು ಹೊರಗೆ ಚೆಲ್ಲಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ನಾನು ಬೋಟಿನ ಪಕ್ಕದಲ್ಲೇ ಇದ್ದೆ. ನೆತ್ತಿಯ ಬಿಸಿಲು ಮೀಟರುಗಳ ಮೇಲೆ ನೇರ ಬೀಳುತ್ತಿತ್ತು. ಅಂಚಿನಿಂದ ಬಿಳುಪು ಹರಡುತ್ತ ಬಂತು. ಅಂಕಿಗಳು ಮಸುಕಾದವು, ಆಮೇಲೆ ಮುಳ್ಳೂ ಹೋಯಿತು. ಅಂಕಲ್ ಹೆಬ್ಬೆರಳಿನಿಂದ ಗಾಜು ಉಜ್ಜಿದರು. ಮತ್ತೆ ಉಜ್ಜಿದರು. ಎಂಜಿನ್ ಆಫ್ ಮಾಡಿದರು.

"ಯಾಕಪ್ಪ? ಓಡ್ತಿತ್ತಲ್ಲ," ಎಂದ ಮಗ.

"ಕಾಣ್ತಿಲ್ಲ."

"ಏನ್ ಕಾಣ್ಬೇಕ್ರೀ?" ಎಂದರು ಆಂಟಿ. "ಓಡ್ತು, ನಾನೇ ನೋಡಿದ್ನಲ್ಲ. ಮಾತು ಅಂದ್ರೆ ಮಾತು, ಹೋಗೋಣ ನೀರಿಗೆ."

ಅಂಕಲ್ ಸೋತಿರಲಿಲ್ಲ. ಗೆದ್ದಾಗಿತ್ತು. ಆದರೂ ಅಂಕಲ್ ಸೀಟಿನಿಂದಿಳಿದು, ಹಾರವನ್ನು ಸರಿಮಾಡಿ, ಮಗನಿಗೆ ಹೇಳಿದರು: "ಪಾಯ ತೆಗ್ಸು."

ಅದು ಮೀಟರಿನ ಮೇಲಿನ ಸಿಟ್ಟು ಎಂದು ಆಗ ಅಂದುಕೊಂಡೆ. ಆಮೇಲೆ ಯಾವಾಗಲೋ, ಅವರಿಗೆ ಈಜು ಬರುತ್ತಿರಲಿಲ್ಲ ಎಂಬುದು ತಿಳಿದಾಗ, ಭಯವಿರಬೇಕು ಎಂದುಕೊಂಡೆ. ಎರಡೂ ಕಾರಣಗಳು ತೀರಾ ಸಲೀಸಾಗಿ ಕೂರುತ್ತವೆ. ಕೀ ತೆಗೆಯುವಾಗ ಅವರ ಮುಖದಲ್ಲಿದ್ದದ್ದು ಬೇಸರವೋ ನಿರಾಳವೋ... ನಾನು ಅವರ ಮುಖ ನೋಡಿರಲಿಲ್ಲ. ಮೀಟರು ನೋಡುತ್ತಿದ್ದೆ.

ಬೋಟು ಗುಜರಿಗೆ ಹೋಗುವ ಮೊದಲೇ ನಾನು ಜೆ.ಪಿ. ನಗರಕ್ಕೆ ಮನೆ ಬದಲಿಸಿದೆ. ಅಂಕಲ್ ತೀರಿಕೊಂಡರೆಂದು ಗೊತ್ತಾದದ್ದು ತಡವಾಗಿ. ಕಾರ್ಯವೆಲ್ಲ ಮುಗಿದಿತ್ತು. ಆ ಚಪ್ಪಲಿ ಡಬ್ಬಿ ತೆರೆದ ವಾರವೇ ಆಂಟಿಯನ್ನು ನೋಡಿ ಬರಲು ಹೋದೆ. ಬೋಟು ನಿಂತಿದ್ದಲ್ಲಿ ಪಿಜಿ ನಿಂತಿದೆ, ಮನೆಯ ಗೋಡೆಗೂ ಅದಕ್ಕೂ ನಡುವೆ ಒಬ್ಬರು ಓರೆಯಾಗಿ ಹೋಗುವಷ್ಟು ಸಂದಿ. ಮಾತು ಅಲ್ಲಿ ಇಲ್ಲಿ ಸುತ್ತಿ ಬೋಟಿಗೆ ಬಂತು.

"ಆ ಮಂಜು ಹೋಗಿತ್ತು ಕಣಮ್ಮ," ಎಂದರು ಆಂಟಿ. "ಎರಡ್ಮೂರು ದಿನದ ಬಿಸಿಲಿಗೆ ತಾನೇ ಆರ್ಕೊಂಡಿತ್ತು. ಟಾರ್ಪಾಲ್ ಎತ್ತಿ ನೋಡ್ದೆ, ಮುಳ್ಳು ಚೆನ್ನಾಗ್ ಕಾಣ್ತಿತ್ತು. ಜೆಸಿಬಿ ಇನ್ನೂ ಬಂದಿರ್ಲಿಲ್ಲ."

"ಅಂಕಲ್‌ಗೆ ಹೇಳಿದ್ರಾ?"

"ಅವ್ರು ನನಗಿಂತ ಮುಂಚೆ ನೋಡಿದ್ರು. ಹಬ್ಬದ ದಿನ ಟಾರ್ಪಾಲ್ ಕಟ್ಟಿದ್ದು ಮಗ, ನಾನ್ ಹೋದಾಗ ಹಗ್ಗ ಅವ್ರು ಕಟ್ಟೋ ಥರ ಇತ್ತು. ಹಾಗೆ ಬೇರೆ ಯಾರೂ ಕಟ್ತಿರ್ಲಿಲ್ಲ. ಅವ್ರು ಹೇಳ್ಲಿ ಅಂತ ನಾನು, ನಾನು ಕೇಳ್ಲಿ ಅಂತ ಅವ್ರು..."

ಮಾತು ಅಲ್ಲಿಗೇ ಬಿಟ್ಟು ಆಂಟಿ ಎದ್ದರು. ಹಗಲು ಹನ್ನೊಂದರ ಹೊತ್ತಿನಲ್ಲಿ ಅಡುಗೆಮನೆಯ ದೀಪ ಹಾಕಿಕೊಂಡು ಕಾಫಿಗೆ ಹಾಲಿಟ್ಟರು.